ಅಮ್ಮನ ತಟ್ಟೆಯಲ್ಲಿ ಸಿಕ್ಕ ದಾರದ ಬಗ್ಗೆ ದೂರು

ಇವರಿಗೆ,
ಇಟಾಲಿಯನ್ ರೆಸ್ಟೋರೆಂಟಿನ ಮಾಲೀಕರು,
ನ್ಯೂಜೆರ್ಸಿ

ನಮಸ್ಕಾರ.

ಈ ಪತ್ರವನ್ನು ಮೊದಲು ಕನ್ನಡದಲ್ಲೇ ಬರೆದಿದ್ದೇನೆ. ಸಿಟ್ಟು ಬಂದಾಗ ನನಗೆ ಇಂಗ್ಲಿಷ್ ಕೈಕೊಡುತ್ತದೆ. ಮಗಳು ಇಂಗ್ಲಿಷಿಗೆ ಮಾಡಿಕೊಡುತ್ತಾಳೆ, ಎರಡೂ ಪ್ರತಿ ಒಟ್ಟಿಗೇ ಕಳಿಸುತ್ತೇನೆ.

ನಾವು ಎಡಿಸನ್ ಕಡೆಯವರು. 14 ವರ್ಷದಿಂದ ನಿಮ್ಮ ಗಿರಾಕಿಗಳು. ಕಿಟಕಿ ಪಕ್ಕದ ದೊಡ್ಡ ಮೇಜು ನಮ್ಮದು ಅಂತಲೇ ಅಂದುಕೊಂಡಿದ್ದೇವೆ. ನಿಮ್ಮಲ್ಲಿ ಲಿಕ್ಕರ್ ಲೈಸೆನ್ಸ್ ಇಲ್ಲ. ಈ ರಾಜ್ಯದಲ್ಲಿ ಊರಿನ 3000 ಜನಕ್ಕೆ ಒಂದು ಲೈಸೆನ್ಸ್ ಅನ್ನೋ ಲೆಕ್ಕ ಇರುವಾಗ ಸಣ್ಣ ಹೋಟೆಲಿಗೆ ಅದು ಎಲ್ಲಿಂದ ಸಿಗಬೇಕು? ಹಾಗಾಗಿ ಎಲ್ಲರೂ ಮನೆಯಿಂದಲೇ ಬಾಟಲಿ ತರುತ್ತಾರೆ. ಪಕ್ಕದ ಮೇಜಿನವರು ವೈನ್ ತೆಗೆದರೆ ನಮ್ಮಮ್ಮ ಚೀಲದಿಂದ ಬಿಸಿನೀರಿನ ಫ್ಲಾಸ್ಕ್ ತೆಗೆಯುತ್ತಾರೆ. ನಿಮ್ಮವರು ಒಂದು ದಿನವೂ ಮುಖ ಸಿಂಡರಿಸಿಲ್ಲ. ಅದನ್ನು ನಾವು ಮರೆತಿಲ್ಲ.

ನಾವು ಸಸ್ಯಾಹಾರಿಗಳು ಅಂತ ನಿಮ್ಮ ಹಳೇ ವೇಟರಿಗೆ ಎರಡನೇ ಸಲ ಹೇಳಬೇಕಾಗಿ ಬಂದಿರಲಿಲ್ಲ. ಸೀಸರ್ ಸಲಾಡಿನಲ್ಲಿ ಆಂಚೋವಿ ಮೀನು ಇರುತ್ತೆ, ಮಿನೆಸ್ಟ್ರೋನ್ ಸೂಪಿಗೆ ಕೋಳಿ ಬೇಯಿಸಿದ ಸ್ಟಾಕ್ ಹಾಕುತ್ತೇವೆ, ಎರಡೂ ನಿಮಗೆ ಬೇಡ ಅಂತ ಮೊದಲ ದಿನವೇ ಎಚ್ಚರಿಸಿದ್ದರು. ಪಾರ್ಮಿಜಾನೋ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ ಅಂತ ಗೊತ್ತಾದ ಮೇಲೆ ಅಮ್ಮನ ತಟ್ಟೆಗೆ ಚೀಸ್ ತುರಿಯುವುದನ್ನೂ ಅವರೇ ನಿಲ್ಲಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಮರಿನಾರಾ ಬೇರೆ, ಗ್ರೇವಿ ಬೇರೆ ಅಂತ ಹೇಳಿಕೊಟ್ಟವರೂ ಅವರೇ. ನಮಗೆ ಗ್ರೇವಿ ಅಂದರೆ ಪನೀರ್ ತೇಲುವ ರಸ. ನಿಮಗೆ ಗ್ರೇವಿ ಅಂದರೆ ಭಾನುವಾರ ಬೆಳಗ್ಗೆ ಒಲೆ ಮೇಲಿಟ್ಟು, ಮೀಟ್‌ಬಾಲ್, ಸಾಸೇಜ್, ಬ್ರಾಚೋಲೆ ಅನ್ನೋ ಮಾಂಸದ ಸುರುಳಿ ಎಲ್ಲ ಹಾಕಿ ಗಂಟೆಗಟ್ಟಲೆ ಕುದಿಸಿದ ಟೊಮೆಟೊ ಸಾಸ್. ಮರಿನಾರಾ ಅಂದರೆ ಟೊಮೆಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ನಾಲ್ಕು ಎಲೆ ಬೇಸಿಲ್. ಅರ್ಧ ಗಂಟೆಯಲ್ಲಿ ಆಗುತ್ತೆ. ಅಮ್ಮ ಅದಕ್ಕೆ ಟೊಮೆಟೊ ಗೊಜ್ಜು ಅಂತ ಹೆಸರಿಟ್ಟಿದ್ದಾರೆ.

ಆ ವೇಟರ್ ಹೋದ ವರ್ಷ ಕೆಲಸ ಬಿಟ್ಟರು. ಈಗ ಕಳೆದ ಭಾನುವಾರದ ವಿಷಯ.

ಅಮ್ಮನಿಗೆ 75 ತುಂಬಿತು. ಒಂಬತ್ತು ಜನ ಬಂದಿದ್ದೆವು. ಅಮ್ಮನಿಗೆ ಎಂದಿನಂತೆ ಮರಿನಾರಾ ಹಾಕಿದ ಸ್ಪಗೆಟಿ, ಚೀಸ್ ಬೇಡ. ಮಾಂಸ ಇಲ್ಲ ತಾನೇ ಅಂತ ಹೊಸ ಹುಡುಗನನ್ನು ಎರಡು ಸಲ ಕೇಳಿದೆ. ‘ರೆಡ್ ಸಾಸ್ ಅಷ್ಟೇ, ಮಾಂಸ ಇಲ್ಲ’ ಅಂದ. ತಟ್ಟೆ ಬಂತು. ಸಾಸ್ ಸ್ವಲ್ಪ ಕಪ್ಪಗಿತ್ತು, ಅಂಚಿನಲ್ಲಿ ಎಣ್ಣೆ ಜಾಸ್ತಿ ಹೊಳೆಯುತ್ತಿತ್ತು. ನನಗೆ ಆಗಲೇ ತಿಳಿಯಬೇಕಿತ್ತು. ಮೊಮ್ಮಕ್ಕಳ ಗಲಾಟೆಯಲ್ಲಿ ತಲೆಗೆ ಹೋಗಲಿಲ್ಲ.

ಅರ್ಧ ತಟ್ಟೆ ಖಾಲಿಯಾದ ಮೇಲೆ ಅಮ್ಮ ಫೋರ್ಕಿನ ತುದಿಯಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದರು. ಹೂವು ಕಟ್ಟಿ ರೂಢಿ ಇರುವ ಕೈ. ‘ಇದು ದಾರ ಅಲ್ವಾ?’ ಅಂದರು. ಹೌದು, ದಾರ. ಒಂದೂವರೆ ಇಂಚು, ಬಿಳಿ ಹತ್ತಿ ನೂಲು, ಸಾಸ್ ಕುಡಿದು ಕೆಂಪಾಗಿತ್ತು. ಒಂದು ಕೊನೆಯಲ್ಲಿ ಗಂಟು ಹಾಗೇ ಇತ್ತು. ಹುಡುಗನನ್ನು ಕರೆದು ತೋರಿಸಿದೆ. ಅವನು ನಕ್ಕು, ‘ಓ, ಅದು ಬ್ರಾಚೋಲೆ ಕಟ್ಟಿದ ದಾರ’ ಅಂದ. ದನದ ಮಾಂಸವನ್ನು ತೆಳ್ಳಗೆ ತಟ್ಟಿ, ಸುತ್ತಿ, ಬಿಚ್ಚಿಕೊಳ್ಳದ ಹಾಗೆ ಕಟ್ಟುವ ದಾರ ಅದು.

ಮ್ಯಾನೇಜರ್ ಬಂದರು. ಮರಿನಾರಾ ಮಧ್ಯಾಹ್ನವೇ ಮುಗಿದಿತ್ತಂತೆ. ಭಾನುವಾರ ಜನ ಜಾಸ್ತಿ, ಮತ್ತೆ ಮಾಡಲು ಪುರುಸೊತ್ತಿರಲಿಲ್ಲವಂತೆ. ಅದಕ್ಕೆ ಗ್ರೇವಿಯಿಂದ ‘ಮಾಂಸವನ್ನೆಲ್ಲ ಎತ್ತಿಟ್ಟು’ ಬಡಿಸಿದರಂತೆ. ಎತ್ತಿಟ್ಟ ಮೇಲೆ ಮಾಂಸ ಇಲ್ಲ ಅಂತ ಅರ್ಥವಂತೆ!

ಸ್ವಾಮಿ, ನಮ್ಮ ಕಡೆ ಬಸ್ಸಾರು ಅಂತ ಮಾಡುತ್ತೇವೆ. ಬೇಳೆ, ಸೊಪ್ಪು ಬೇಯಿಸಿ, ಕಟ್ಟು ಬಸಿದು, ಆ ಕಟ್ಟಿನಲ್ಲಿ ಸಾರು. ಸೊಪ್ಪು ಪಲ್ಯಕ್ಕೆ ಹೋಗುತ್ತದೆ, ಸಾರಿನಲ್ಲಿ ಒಂದೆಲೆಯೂ ಕಾಣುವುದಿಲ್ಲ. ಹಾಗಂತ ಇದು ಸೊಪ್ಪಿಲ್ಲದ ಸಾರು ಅಂತ ಯಾರಾದರೂ ಹೇಳುತ್ತಾರಾ? ಸೊಪ್ಪಿನ ರುಚಿಯೆಲ್ಲ ಇರುವುದೇ ಆ ಕಟ್ಟಿನಲ್ಲಿ. ನಿಮ್ಮ ಗ್ರೇವಿಯೂ ಹಾಗೇ ಅಲ್ವಾ? ಅದರ ರುಚಿ ಎಲ್ಲಿಂದ ಬಂತು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮರಿನಾರಾ ಮುಗಿದಿದ್ದರೆ ಮುಗಿದಿದೆ ಅನ್ನಬಹುದಿತ್ತು. ಬೆಳ್ಳುಳ್ಳಿ ಎಣ್ಣೆ ಹಾಕಿದ ಪಾಸ್ತಾ ಕೊಟ್ಟಿದ್ದರೆ ಅಮ್ಮ ಖುಷಿಯಾಗಿ ತಿನ್ನುತ್ತಿದ್ದರು. ಅಡುಗೆಮನೆಯಲ್ಲಿ ತಪ್ಪಾಗುತ್ತದೆ, ನಮ್ಮ ಮನೆಯಲ್ಲೂ ಆಗುತ್ತದೆ. ಇದು ಹಾಗಲ್ಲ. ಗೊತ್ತಿದ್ದೂ ಬಡಿಸಿದ್ದು.

ಅಮ್ಮ ಜಗಳ ಆಡಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಬಿಸಿನೀರು ಕುಡಿದರು. ಕೇಕ್ ಕತ್ತರಿಸಿದರು, ತಿನ್ನಲಿಲ್ಲ. ಮನೆಗೆ ಬಂದು ತಲೆಗೆ ಸ್ನಾನ ಮಾಡಿದರು. ಮಾರನೇ ದಿನ ಸಂಜೆ ತನಕ ಏನೂ ಮುಟ್ಟಲಿಲ್ಲ. ‘ತಿಳಿಯದೇ ಆಗಿದ್ದು ಬಿಡು’ ಅಂತ ನನಗೇ ಸಮಾಧಾನ ಹೇಳಿದರು. ನನಗೆ ಆಗಿಲ್ಲ.

ಬಿಲ್ಲಿನ ವಿಷಯ ಚುಟುಕಾಗಿ. ಸ್ಪಗೆಟಿಯ 19 ಡಾಲರ್ ತೆಗೆದಿದ್ದೀರಿ. ಆರು ಜನಕ್ಕಿಂತ ಜಾಸ್ತಿ ಇದ್ದರೆ 18% ಟಿಪ್ಸ್ ಅಂತ ಮೆನುವಿನಲ್ಲೇ ಇದೆ, ಅದಕ್ಕೂ ತಕರಾರಿಲ್ಲ. ಆದರೆ ಕೊನೆಯಲ್ಲಿ ಕಾರ್ಡಿಗೆ ಅಂತ 3% ಸೇರಿಸಿದ್ದೀರಿ. ಬಾಗಿಲಲ್ಲೂ ಇಲ್ಲ, ಮೆನುವಿನಲ್ಲೂ ಇಲ್ಲ. ಇದನ್ನು ಮೊದಲೇ ತಿಳಿಸಬೇಕು ಅಂತ ನ್ಯೂಜೆರ್ಸಿಯಲ್ಲಿ 2023ರಲ್ಲೇ ಕಾನೂನು ಆಗಿದೆ. ಆ ದುಡ್ಡು ವಾಪಸ್ ಕೊಡಿ.

ಇಡೀ ಊಟದ ದುಡ್ಡು ಕೇಳುತ್ತಿಲ್ಲ. ಫ್ರೀ ಕೂಪನ್ ಕಳಿಸಬೇಡಿ. ಮೆನುವಿನಲ್ಲಿ ‘ರೆಡ್ ಸಾಸ್’ ಅನ್ನೋ ಪದ ಹೊಡೆದು ಹಾಕಿ, ಯಾವುದು ಮರಿನಾರಾ, ಯಾವುದು ಗ್ರೇವಿ ಅಂತ ಬರೆಯಿರಿ. ಮಾಂಸ ಎತ್ತಿಟ್ಟರೆ ಸಸ್ಯಾಹಾರ ಆಗುವುದಿಲ್ಲ ಅಂತ ಆ ಹುಡುಗನಿಗೂ ಮ್ಯಾನೇಜರಿಗೂ ನೀವೇ ಕೂರಿಸಿ ಹೇಳಿ. ಹುಡುಗನನ್ನು ಕೆಲಸದಿಂದ ತೆಗೆಯಬೇಡಿ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ. ಆಮೇಲೆ ಅಮ್ಮನಿಗೆ ನಾಲ್ಕು ಸಾಲು ಬರೆಯಿರಿ, ಮ್ಯಾನೇಜರ್ ಅಲ್ಲ, ನೀವು.

ಬಿಲ್ಲಿನ ಫೋಟೊ, ದಾರದ ಫೋಟೊ ಎರಡೂ ಜೊತೆಗಿಟ್ಟಿದ್ದೇನೆ. ಅಮ್ಮನ ವಾಪಸ್ ಟಿಕೆಟ್ ಮುಂದಿನ ತಿಂಗಳು 9ಕ್ಕೆ. ಅಷ್ಟರೊಳಗೆ ಉತ್ತರ ಬಂದರೆ ನಾನೇ ಕನ್ನಡದಲ್ಲಿ ಓದಿ ಹೇಳುತ್ತೇನೆ.

ಇತಿ,
ಕಿಟಕಿ ಪಕ್ಕದ ಮೇಜಿನ ನಿಮ್ಮ ಹಳೇ ಗಿರಾಕಿ