ಚೆರೋಕೀ ಲಿಪಿ: ಎಬಿಸಿಡಿ ಬಿಟ್ಟು ಕಾಗುಣಿತದಿಂದ ಹೊರಡಿ

ಮಾನ್ಯ ಸಂಪಾದಕರೆ,

ಬೆಂಗಳೂರಿನ ಬೇಸಿಗೆ ಶಿಬಿರಗಳಲ್ಲಿ, ಮಕ್ಕಳ ಪುರವಣಿಗಳಲ್ಲಿ ಲೋಕದ ಬೇರೆ ಬೇರೆ ಲಿಪಿಗಳನ್ನು ಪರಿಚಯಿಸುವಾಗ ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನರ ಲಿಪಿಗೂ ಜಾಗ ಸಿಗಲಿ ಎಂಬುದು ನಮ್ಮ ಕೋರಿಕೆ. ಆದರೆ 'ಎ'ಗೆ ಈ ಗುರುತು, 'ಬಿ'ಗೆ ಆ ಗುರುತು ಎಂದು 26 ಮನೆಗಳ ಪಟ್ಟಿ ಹಂಚಿ ಹೆಸರು ಬರೆಸುವುದಾದರೆ ದಯವಿಟ್ಟು ಬೇಡ. ಅಂಥ ಪಟ್ಟಿ ಶುದ್ಧ ತಪ್ಪು.

ಚೆರೋಕೀಯಲ್ಲಿ ಒಂದು ಗುರುತೆಂದರೆ ಒಂದು ಪೂರ್ತಿ ಅಕ್ಷರ: ಗ, ಲಿ, ಸು, ಹೀಗೆ. ಈಗ ಬಳಕೆಯಲ್ಲಿರುವವು 85. ಇಂಗ್ಲಿಷ್ ಓದು ಬರಹ ಬಾರದಿದ್ದ ಬೆಳ್ಳಿ ಕೆಲಸಗಾರ ಸೆಕ್ವೋಯಾ ಮೊದಲು ಪದಕ್ಕೊಂದು ಗುರುತು ಮಾಡಹೊರಟು, ಅದಕ್ಕೆ ಕೊನೆಯೇ ಇಲ್ಲವೆಂದು ಕಂಡು, ಪದಗಳನ್ನು ಅಕ್ಷರಗಳಾಗಿ ಒಡೆದ. 1821ರ ಹೊತ್ತಿಗೆ ಲಿಪಿ ಸಿದ್ಧವಾಯಿತು. ಅದನ್ನು ಮೊದಲು ಕಲಿತವಳು ಅವನ ಪುಟ್ಟ ಮಗಳು ಅಯೋಕಾ. 1828ರ ಫೆಬ್ರವರಿ 21ಕ್ಕೆ 'ಚೆರೋಕೀ ಫೀನಿಕ್ಸ್' ಪತ್ರಿಕೆಯೇ ಹೊರಬಂತು.

ಗುರುತುಗಳಲ್ಲಿ ಹಲವು ಇಂಗ್ಲಿಷ್ ಅಕ್ಷರಗಳನ್ನೇ ಹೋಲುತ್ತವೆ, ಉಚ್ಚಾರ ಮಾತ್ರ ಬೇರೆ. ಮಕ್ಕಳು ಎಡವುವುದು ಇಲ್ಲಿಯೇ. ತಮ್ಮ ನುಡಿಯನ್ನು ಚೆರೋಕೀಗಳು 'ತ್ಸಲಗಿ' ಎನ್ನುತ್ತಾರೆ. ಬರೆದಾಗ ಅದು ಜಿ, ಡಬ್ಲ್ಯೂ, ವೈ ಎಂದು ಕಾಣುತ್ತದೆ! ಜಿ ತರಹದ್ದು ತ್ಸ, ಡಬ್ಲ್ಯೂ ತರಹದ್ದು ಲ, ವೈ ತರಹದ್ದು ಗಿ. ಹಾಗೆಯೇ ಡಿ ಎಂದರೆ ಅ, ಆರ್ ಎಂದರೆ ಎ, ಎಚ್ ಎಂದರೆ ಮಿ.

ನಮ್ಮ ಮಕ್ಕಳಿಗೆ ಅಕ್ಷರ ಎಣಿಸುವ ಕಿವಿ ಮೊದಲೇ ಇದೆ, ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಕಷ್ಟದ್ದು. ಕನ್ನಡದಲ್ಲಿ ಗ ಬಂದರೆ ಗುಡಿಸು, ಕೊಂಬು, ಏತ್ವ ಸೇರಿಸಿ ಗಿ, ಗು, ಗೆ ಮಾಡಿಕೊಳ್ಳಬಹುದು. ಚೆರೋಕೀಯಲ್ಲಿ ಗ, ಗೆ, ಗಿ, ಗೊ, ಗು ಒಂದಕ್ಕೊಂದು ಸಂಬಂಧವಿಲ್ಲದ ಆಕಾರಗಳು. ಬಾಯಿಪಾಠವೇ ಗತಿ. ಹಾಗಾಗಿ ಪೂರ್ತಿ ಪಟ್ಟಿಯನ್ನು ಗೋಡೆಗೆ ಅಂಟಿಸಿ ಹೆದರಿಸದೆ ದಿನಕ್ಕೆ ಆರೇಳು ಅಕ್ಷರ ಕೊಡಿ. ಸ್ವರಗಳು ಆರು. ಆರನೆಯದು ಮೂಗಿನ ಸ್ವರ, ಕೊಂಕಣಿಯ 'ಹಾಂವ್' ಎನ್ನುವಾಗಿನಂತೆ ಮೂಗಿನಿಂದ ಬರಬೇಕು. ನಮ್ಮ ಮಕ್ಕಳು ಅದನ್ನು 'ಅಮ್' ಎಂದು ತುಟಿ ಮುಚ್ಚಿಬಿಡುತ್ತಾರೆ. ತುಟಿ ತೆರೆದೇ ಇರಲಿ. ಇಂಗ್ಲಿಷ್ ಅಕ್ಷರದ ಪುಸ್ತಕಗಳು ಈ ಸ್ವರಕ್ಕೆ 'ವಿ' ಬಳಸುತ್ತವೆ, ಅದನ್ನು 'ವ' ಎಂದು ಓದಿಸಬೇಡಿ.

ಹೆಸರು ಬರೆಸುವ ಮುನ್ನ ಚಪ್ಪಾಳೆ ತಟ್ಟಿ ಅಕ್ಷರ ಬಿಡಿಸಲಿ. ಮೀನಾ, ಗೀತಾ, ಸುಮಾ ಸಲೀಸು. ಲತಾ ಕೂಡ ಬರುತ್ತದೆ, ಆದರೆ ಲ, ತ ಎರಡೂ ಡಬ್ಲ್ಯೂ ತರಹವೇ ಇದ್ದು ಒಂದು ಸಣ್ಣ ಗೀಟಿನಲ್ಲಿ ಮಾತ್ರ ಬೇರೆ. ದೊಡ್ಡದಾಗಿ ಬರೆದು ಅಕ್ಕಪಕ್ಕ ಇಟ್ಟು ತೋರಿಸಬೇಕು. ಪ, ಬ ಲಿಪಿಯಲ್ಲಿ ಇಲ್ಲ. ಇಂದಿನ ಚೆರೋಕೀ ಮಾತಿನಲ್ಲಿ ರ ಕೂಡ ಇಲ್ಲ. ಪವನ್‌ಗೂ ನಮ್ಮ ಬೆಂಗಳೂರಿಗೂ ಅಲ್ಲಿ ಅಕ್ಷರವಿಲ್ಲ ಎಂದು ಮಕ್ಕಳಿಗೆ ನೇರವಾಗಿ ಹೇಳಿ, ಹತ್ತಿರದ್ದೊಂದನ್ನು ತುರುಕಬೇಡಿ. ಒತ್ತಕ್ಷರವಿಲ್ಲ. ಸ್ವರವಿಲ್ಲದ ಒಂಟಿ ವ್ಯಂಜನಕ್ಕೆ ಗುರುತಿರುವುದು 'ಸ್' ಒಂದಕ್ಕೇ.

ಲಿಪಿ ಎಲ್ಲವನ್ನೂ ತೋರಿಸುವುದೂ ಇಲ್ಲ. ಗ, ಕ ಬೇರೆ ಬೇರೆ, ಆದರೆ ಗಿ, ಕಿ ಎರಡಕ್ಕೂ ಒಂದೇ ಗುರುತು. ತಮಿಳು ಬೋರ್ಡು ಓದಬಲ್ಲ ಮಕ್ಕಳಿಗೆ ಇದು ಹೊಸದಲ್ಲ. ಹ್ರಸ್ವ, ದೀರ್ಘದ ಭೇದವೂ ಬರಹದಲ್ಲಿಲ್ಲ. 'ಅಮ' ಎಂದರೆ ನೀರು, 'ಆಮ' ಎಂದರೆ ಉಪ್ಪು. ಬರೆಯುವುದು ಒಂದೇ ರೀತಿ. ನೀರೋ ಉಪ್ಪೋ ಎಂಬುದನ್ನು ಸಂದರ್ಭ ನೋಡಿಯೇ ತಿಳಿಯಬೇಕು.

ಪುಟ ವಿನ್ಯಾಸ ಮಾಡುವವರಿಗೆ ಒಂದು ಮಾತು. ಚೆರೋಕೀ 1999ರಿಂದ ಯೂನಿಕೋಡಿನಲ್ಲಿದೆ, 'ನೋಟೊ ಸ್ಯಾನ್ಸ್ ಚೆರೋಕೀ' ಫಾಂಟ್ ಉಚಿತವಾಗಿ ಸಿಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಡಿಟಿಪಿ ಫಾಂಟಿನ ಪುಟಕ್ಕೆ ಅಂಟಿಸಿದರೆ ಡಬ್ಬಿ ಡಬ್ಬಿ ಬರುತ್ತದೆ, ಚಿತ್ರವಾಗಿ ಸೇರಿಸಿ. ಹೋಲುತ್ತದೆಂದು ಇಂಗ್ಲಿಷಿನ ಡಿ, ಡಬ್ಲ್ಯೂ ಒತ್ತಬೇಡಿ. ಕಣ್ಣಿಗೆ ಸರಿ ಕಂಡರೂ ಕಂಪ್ಯೂಟರಿಗೆ ಅವು ಬೇರೆ ಅಕ್ಷರ, ಹುಡುಕಿದರೆ ಸಿಗವು.

ಜೊತೆಗೆ ಗರಿಯ ಕಿರೀಟದ ಚಿತ್ರ ಬೇಡ, ಅದು ಅಮೆರಿಕದ ಬಯಲು ಪ್ರದೇಶದ ಬೇರೆ ಬುಡಕಟ್ಟುಗಳದು. 'ಒಂದು ಕಾಲದ ಭಾಷೆ' ಎಂದೂ ಬರೆಯಬೇಡಿ. ಮಾತಾಡುವವರು ಕಡಿಮೆಯಾಗಿದ್ದಾರೆ ನಿಜ, ಆದರೆ ಓಕ್ಲಹೋಮಾದ ಟಾಲಕ್ವಾದಲ್ಲಿ ಪಾಠವನ್ನೆಲ್ಲ ಚೆರೋಕೀಯಲ್ಲೇ ಕಲಿಸುವ ಮಕ್ಕಳ ಶಾಲೆ ಇದೆ.

ನಿಮ್ಮ ಪುರವಣಿ ನಾಲ್ಕು ವಾರ ಕಾಲು ಪುಟ ಕೊಟ್ಟರೆ ಸಾಕು. ಮೊದಲ ವಾರ ಆರು ಸ್ವರ, ಎರಡನೆಯ ವಾರ ತ್ಸಲಗಿಯ ಮೂರು ಅಕ್ಷರ, ಮೂರನೆಯದರಲ್ಲಿ ಹೆಸರುಗಳು. ಕೊನೆಯ ವಾರ ನಮಸ್ಕಾರಕ್ಕೆ 'ಒಸಿಯೊ', ಧನ್ಯವಾದಕ್ಕೆ 'ವದೊ'.

ಇಬ್ಬರು ಭಾಷಾ ಶಿಕ್ಷಕರು,
ಬಸವನಗುಡಿ, ಬೆಂಗಳೂರು