ಗಾಳಿಯ ಪಾಲು

ವಾರ್ಷಿಕ ಸಭೆಯ ವರದಿ ನಾಲ್ಕನೇ ಪುಟದಲ್ಲಿದೆ, ಯುಗಾದಿ ಊಟದ ಲೆಕ್ಕ ಆರರಲ್ಲಿದೆ. ಹಾಗಾಗಿ ಈ ಸಲ ಸಂಘದ ಮಾತು ಬಿಟ್ಟು ಒಂದು ಸೈಕಲ್ ಕಥೆ ಹೇಳುತ್ತೇನೆ; ಕಮಿಟಿಯವರು ಬೇಜಾರು ಮಾಡಿಕೊಳ್ಳಬಾರದು.

2022ರ ಕಾಮನ್‌ವೆಲ್ತ್ ಕ್ರೀಡಾಕೂಟ ಬರ್ಮಿಂಗ್‌ಹ್ಯಾಮಿನದಾದರೂ ಟ್ರ್ಯಾಕ್ ಸೈಕ್ಲಿಂಗ್ ನಡೆದದ್ದು ನಮ್ಮ ಲಂಡನ್ನಿನ ಲೀ ವ್ಯಾಲಿ ಸೈಕಲ್ ಕ್ರೀಡಾಂಗಣದಲ್ಲಿ. ಮಗಳ ಹಟಕ್ಕೆ ಜುಲೈ 30ರಂದು ಹೋಗಿದ್ದೆ. ಒಳಗೆ ಕಾಲಿಟ್ಟರೆ ಧಗೆ. ಬಿಸಿ ಗಾಳಿ ಹಗುರ, ಸೈಕಲ್ಲಿಗೆ ಅಡ್ಡಿ ಕಡಿಮೆ ಅಂತ ಬೇಕೆಂದೇ ಬೆಚ್ಚಗಿಡುತ್ತಾರಂತೆ. ಮರದ ಹಲಗೆಯ 250 ಮೀಟರ್ ಟ್ರ್ಯಾಕ್ ತಿರುವಿನಲ್ಲಿ ಗೋಡೆಯ ಹಾಗೆ ಎದ್ದು ನಿಂತಿತ್ತು. ಈ ಸೈಕಲ್‌ಗಳಿಗೆ ಬ್ರೇಕಿಲ್ಲ, ಗೇರ್ ಬದಲಿಸುವಂತಿಲ್ಲ; ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು.

ಅಂದು ಕೀರಿನ್ ಫೈನಲ್. ಜಪಾನಿನಲ್ಲಿ ಬಾಜಿ ಕಟ್ಟಲೆಂದು ಹುಟ್ಟಿದ ಪಂದ್ಯ. ಮುಂದೊಂದು ಮೋಟಾರು ಸೈಕಲ್, ಹಿಂದೆ ಸಾಲಾಗಿ ಆರು ಜನ. ಮೋಟಾರು ನಿಧಾನಕ್ಕೆ ವೇಗ ಏರಿಸುತ್ತಾ ಹೋಗಿ, ಮೂರು ಸುತ್ತು ಬಾಕಿಯಿರುವಾಗ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗಿದ ಹಾಗೆ! ಆ ನೂಕುನುಗ್ಗಲಿನಲ್ಲಿ ಸ್ಕಾಟ್ಲೆಂಡಿನ ಜ್ಯಾಕ್ ಕಾರ್ಲಿನ್‌ನನ್ನು ಹಿಂದಿಕ್ಕಿ ಗೆದ್ದವನು ನಿಕೋಲಸ್ ಪಾಲ್. ಟ್ರಿನಿಡಾಡಿನ ಗಾಸ್ಪರಿಲ್ಲೋ ಊರಿನ ಹುಡುಗ, 23 ವರ್ಷ. 1966ರಲ್ಲಿ ರೋಜರ್ ಗಿಬ್ಬನ್ ಗೆದ್ದ ಮೇಲೆ ಆ ದೇಶಕ್ಕೆ ಕಾಮನ್‌ವೆಲ್ತ್ ಸೈಕ್ಲಿಂಗ್ ಚಿನ್ನ ಬಂದದ್ದು ಅದೇ ಮೊದಲು. ನಮ್ಮ ಹಿಂದಿನ ಸಾಲಿನಲ್ಲಿ ಟ್ರಿನಿಡಾಡಿನ ಅಜ್ಜಿಯೊಬ್ಬರು ಬಾವುಟ ಕೊರಳಿಗೆ ಸುತ್ತಿಕೊಂಡು ಕುರ್ಚಿ ಹತ್ತಿ ನಿಂತಿದ್ದರು. ಬಿದ್ದಾರೆಂದು ಮೊಮ್ಮಗ ಸೊಂಟ ಹಿಡಿದುಕೊಂಡಿದ್ದ. ಮುಂದಿನ ಎರಡು ದಿನಗಳಲ್ಲಿ ಪಾಲ್‌ಗೆ ಇಬ್ಬಿಬ್ಬರೇ ಎದುರುಬದುರಾಗುವ ಸ್ಪ್ರಿಂಟ್‌ನಲ್ಲಿ ಬೆಳ್ಳಿ, ಒಂದು ಕಿಲೋಮೀಟರ್ ಟೈಮ್ ಟ್ರಯಲ್‌ನಲ್ಲಿ ಕಂಚು.

ಆದರೆ ಸೈಕ್ಲಿಂಗ್ ಬಲ್ಲವರು ಅವನನ್ನು ನೆನೆಯುವುದು 9.100 ಎಂಬ ಅಂಕಿಯಿಂದ. 2019ರ ಸೆಪ್ಟೆಂಬರ್, ಬೊಲಿವಿಯಾದ ಕೊಚಬಾಂಬ. ಟ್ರ್ಯಾಕಿನ ಮೇಲಂಚಿಗೆ ಹತ್ತಿ, ಅಲ್ಲಿಂದ ಧುಮುಕಿ, ಕೊನೆಯ 200 ಮೀಟರನ್ನು ಅಷ್ಟು ಸೆಕೆಂಡಿನಲ್ಲಿ ಮುಗಿಸಿದ. ಗಂಟೆಗೆ 79 ಕಿಲೋಮೀಟರ್ ವೇಗ! ಫ್ರಾನ್ಸಿನ ಫ್ರಾಂಸ್ವಾ ಪರ್ವಿಸ್‌ನ 9.347ರ ವಿಶ್ವದಾಖಲೆ ಮುರಿಯಿತು. ನನಗೆ ಮಾತ್ರ ಈ ದಾಖಲೆಗಿಂತ ಲಂಡನ್ನಿನ ಚಿನ್ನವೇ ಮೇಲು. ಕೊಚಬಾಂಬ ಇರುವುದು ಸುಮಾರು 2,500 ಮೀಟರ್ ಎತ್ತರದಲ್ಲಿ. ಅಲ್ಲಿನ ತೆಳು ಗಾಳಿಗೂ ದಾಖಲೆಯಲ್ಲಿ ಪಾಲುಂಟು. (ಪರ್ವಿಸ್‌ನ ದಾಖಲೆಯೂ ಮೆಕ್ಸಿಕೋದ ಎತ್ತರದಲ್ಲೇ ಆದದ್ದು, ಇರಲಿ.)

ಅದೇ ವರ್ಷ ಲಿಮಾದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಪಾಲ್ ಇದ್ದ ತಂಡ ಗೆದ್ದ ಟೀಮ್ ಸ್ಪ್ರಿಂಟ್ ಚಿನ್ನ, ಜೊತೆಗಾರನೊಬ್ಬ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದುದರಿಂದ ಕೈತಪ್ಪಿತು. ಒಂಟಿಯಾಗಿ ಗೆದ್ದ ಸ್ಪ್ರಿಂಟ್ ಚಿನ್ನ ಉಳಿಯಿತು. 2021ರಲ್ಲಿ ಫ್ರಾನ್ಸಿನ ರೂಬೇಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಿಲೋಮೀಟರ್ ಬೆಳ್ಳಿ. ಸುಮಾರು 14 ಲಕ್ಷ ಜನರ ದೇಶದಿಂದ ಇಷ್ಟು.

2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್. ಲಂಡನ್ನಿನ ಸ್ಪ್ರಿಂಟ್‌ನಲ್ಲಿ ಪಾಲ್‌ನನ್ನು ಸೋಲಿಸಿದ್ದ ಆಸ್ಟ್ರೇಲಿಯಾದ ಮ್ಯಾಥ್ಯೂ ರಿಚರ್ಡ್‌ಸನ್ ಅದೇ 200 ಮೀಟರನ್ನು 9.091ರಲ್ಲಿ ಮುಗಿಸಿ ಪಾಲ್‌ನ ದಾಖಲೆ ಮುರಿದ, ಸ್ವಲ್ಪ ಹೊತ್ತಿಗೇ ನೆದರ್ಲೆಂಡ್ಸಿನ ಹ್ಯಾರಿ ಲಾವ್ರೈಸನ್ 9.088. ಎತ್ತರದ ಹಂಗೇ ಇಲ್ಲದೆ! ಟೀವಿಯ ಮುಂದೆ ಮಗಳು ಮುಖ ಸಣ್ಣಗೆ ಮಾಡಿಕೊಂಡು ಕೇಳಿದಳು: "ಅಪ್ಪಾ, ಕೀರಿನ್ನಿಗೂ ದಾಖಲೆ ಇರುತ್ತಾ?"

"ಇಲ್ಲಮ್ಮ, ಅದಕ್ಕೆ ಟೈಮಿನ ಲೆಕ್ಕವಿಲ್ಲ. ಯಾರು ಮೊದಲು ಬಂದರು, ಅಷ್ಟೇ."