ಮಾತು ನಿಂತಾಗ ರೇಡಿಯೊ ನಿಲ್ಲಲು ಬಿಡದವರಿಗೆ

ಗೆಳೆಯರೇ,

ಹೋದ ವಾರ ನಮ್ಮ ಇಂಟರ್ನೆಟ್ ರೇಡಿಯೊ ಕಾರ್ಯಕ್ರಮದಲ್ಲಿ ಮತ್ತೆ ಮೈಕ್ ಮುಂದೆ ಕೂತು ಮಾತಾಡಿದೆ. ಆಮೇಲೆ ಬಂದ ನಿಮ್ಮ ಸಂದೇಶಗಳನ್ನು ಓದಿ ಮುಗಿಸುವುದಕ್ಕೇ ಇಷ್ಟು ದಿನ ಹಿಡಿಯಿತು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯುವ ಆಸೆಯಿತ್ತು, ಆಗಲಿಲ್ಲ. ಎಲ್ಲರಿಗೂ ಸೇರಿಸಿ ಈ ಒಂದು ಬರಹ.

ಗಂಟಲಿಗೆ ಏನಾಗಿ ಆಪರೇಷನ್ ಆಯಿತು, ಯಾಕೆ ಅಷ್ಟು ಕಾಲ ಬಾಯಿ ಮುಚ್ಚಿಕೊಂಡಿರಬೇಕಾಯಿತು ಎಂಬುದೆಲ್ಲ ನಿಮಗೆ ಗೊತ್ತು. ಅದನ್ನು ಹೇಳಿ ಹೇಳಿ, ಅಂದರೆ ಬರೆದು ಬರೆದು, ನನಗೂ ಸಾಕಾಗಿದೆ.

ಬೇರೆ ಬಗೆಯ ಸಂಗೀತದ ಕಾರ್ಯಕ್ರಮವಾಗಿದ್ದರೆ ಮೊದಲ ವಾರವೇ ಬಾಗಿಲು ಹಾಕಬೇಕಾಗುತ್ತಿತ್ತೇನೋ. ಮೂರು ನಿಮಿಷದ ಹಾಡುಗಳ ನಡುವೆ ಯಾರಾದರೂ ಮಾತಾಡುತ್ತಲೇ ಇರಬೇಕು. ನಾವು ಹಾಕುವ ಪ್ರಾಗ್, ಅಂದರೆ ಪ್ರೋಗ್ರೆಸಿವ್ ರಾಕ್, ಹಾಗಲ್ಲ. ಜೆನೆಸಿಸ್ ಬ್ಯಾಂಡಿನ 'ಸಪ್ಪರ್ಸ್ ರೆಡಿ' ಶುರುವಾಯಿತೆಂದರೆ ಸುಮಾರು 23 ನಿಮಿಷ ನಿರೂಪಕರಿಗೆ ಕೆಲಸವಿಲ್ಲ. ಜೆಥ್ರೋ ಟಲ್‌ನ 'ಥಿಕ್ ಆ್ಯಸ್ ಎ ಬ್ರಿಕ್' ಹಾಕಿದರೆ ಎದ್ದುಹೋಗಿ ಊಟವನ್ನೇ ಮುಗಿಸಿ ಬರಬಹುದು: 1972ರ ಆ ಎಲ್‌ಪಿ ರೆಕಾರ್ಡಿನ ಎರಡೂ ಬದಿ ಸೇರಿ ಒಂದೇ ಹಾಡು, ಸುಮಾರು 44 ನಿಮಿಷ. ನಾನು ಗಂಟೆಗೆ ಮೂರೋ ನಾಲ್ಕೋ ಸಲ ಬಾಯಿ ತೆರೆಯುವುದು. ಉಳಿದದ್ದೆಲ್ಲ ಬೇರೆಯವರ ಕೆಲಸ. ನನ್ನ ಬಾಯಿಯೂ ಕಟ್ಟಿದ ಮೇಲೆ ಪೂರಾ ಅವರದೇ ಆಯಿತು.

ಬಿಡುವಿಲ್ಲದೆ ಒಂದರೊಳಗೊಂದು ಸೇರಿಕೊಳ್ಳುವ ಹಾಡುಗಳ ನಡುವೆ ಎಂಪಿ3ಯಲ್ಲಿ ಬರುವ ಆ ಸಣ್ಣ ಎಡವು ಕೇಳಿಸದಿರಲೆಂದು ಎಲ್‌ಪಿಯ ಇಡೀ ಬದಿಯನ್ನೇ ಒಂದು ಫೈಲ್ ಮಾಡಿ ಕೊಟ್ಟವರು, ರಾಯಲ್ಟಿ ಲೆಕ್ಕಕ್ಕೆಂದು ಪ್ರಸಾರವಾದ ಒಂದೊಂದು ಹಾಡನ್ನೂ ಬರೆದಿಟ್ಟವರು, ಸರ್ವರ್ ಬಾಡಿಗೆಯನ್ನು ನಾನು ಕೇಳುವ ಮೊದಲೇ ಕಟ್ಟಿದವರು, ಪಿಂಕ್ ಫ್ಲಾಯ್ಡ್‌ನ 'ಮನಿ'ಯ ಏಳರ ಲೆಕ್ಕಕ್ಕೆ ತಕಿಟ ತಕದಿಮಿ ಹೇಳಿ ರೆಕಾರ್ಡ್ ಮಾಡಿ ಕಳಿಸಿದ ಪುಟ್ಟ ಕೇಳುಗ, ಹಳೆಯ ಸಂಚಿಕೆಗಳ ಮರುಪ್ರಸಾರವನ್ನು ಗೊಣಗದೆ ಕೇಳಿದವರು (ಗೊಣಗಿಕೊಂಡೇ ಕೇಳಿದವರೂ), ನನ್ನ ಚೀಟಿಗಳನ್ನು ಓದಿ ಓದಿ ಸುಸ್ತಾದ ಮನೆಯವರು, ನಿಮಗೆಲ್ಲ ಕೈ ಮುಗಿಯುತ್ತೇನೆ.

ಇನ್ನು ಉಳಿದಿರುವುದೆಲ್ಲ ಒಬ್ಬನ ಪಾಲಿನದು.

ನಮ್ಮ ಸ್ಟ್ರೀಮ್, ಅಂದರೆ ಇಂಟರ್ನೆಟ್ ಪ್ರಸಾರ, ನೋಡಿಕೊಳ್ಳುವ ಗೆಳೆಯ. ಹೆಸರು ಹಾಕಿದರೆ ಸರ್ವರ್ ಪಾಸ್‌ವರ್ಡ್ ಬದಲಾಯಿಸಿಬಿಡ್ತೀನಿ ಅಂತ ಹೆದರಿಸಿದ್ದಾನೆ, ಹಾಗಾಗಿ ಹಾಕುವುದಿಲ್ಲ. ಕಾರ್ಯಕ್ರಮದಲ್ಲಿ ಅವನ ದನಿಯನ್ನು ನೀವ್ಯಾರೂ ಕೇಳಿಲ್ಲ. ಎಷ್ಟು ಕರೆದರೂ ಮೈಕ್ ಹತ್ತಿರ ಬಂದವನಲ್ಲ.

ಆಪರೇಷನ್ ಆದಮೇಲಿನ ಒಂದು ರಾತ್ರಿ. ಯಾವುದು ಅಂತ ಅವನಿಗೆ ಗೊತ್ತು. ಅವತ್ತು ಸಂಜೆ ಡಾಕ್ಟರು, ಧ್ವನಿ ಮೊದಲಿನ ಹಾಗೇ ಬರುತ್ತದೆ ಅಂತ ಈಗಲೇ ಹೇಳಲಾಗದು ಅಂದಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಒಳ್ಳೆಯದೇ ಮಾಡಿದರು. ಆದರೆ ಕೇಳಿಸಿಕೊಂಡವರಿಗೆ ನಿದ್ದೆ ಬರಬೇಕಲ್ಲ. ಮನೆಯವರನ್ನು ಎಬ್ಬಿಸಿ ಹೇಳಿಕೊಳ್ಳೋಣವೆಂದರೆ ಹೇಳಿಕೊಳ್ಳುವುದು ಹೇಗೆ? ಮೊಬೈಲ್ ತೆಗೆದು ಇವನಿಗೆ "ಎದ್ದಿದ್ದೀಯಾ?" ಅಂತ ಕಳಿಸಿದೆ. ಯಾಕೆ, ಏನಾಯಿತು ಅಂತ ಕೇಳಲಿಲ್ಲ. "ಸ್ಟ್ರೀಮ್ ಹಾಕ್ಕೋ" ಅಂತ ಬರೆದ.

ಆ ಹೊತ್ತಿನಲ್ಲಿ ಕಂಪ್ಯೂಟರೇ ಪಟ್ಟಿಯಿಂದ ಹಾಡು ಆರಿಸಿ ಹಾಕುತ್ತಿರುತ್ತದೆ. ಅದನ್ನು ನಿಲ್ಲಿಸಿ ತಾನೇ ಕೂತ. ನಾನು ವ್ಯಾನ್ ಡರ್ ಗ್ರಾಫ್ ಜನರೇಟರ್‌ನ 'ಎ ಪ್ಲೇಗ್ ಆಫ್ ಲೈಟ್‌ಹೌಸ್ ಕೀಪರ್ಸ್' ಹಾಕು ಅಂತ ಕೇಳಿದೆ. "ಇವತ್ತು ಅದು ಬೇಡ" ಅಂದ. ದೀಪಸ್ತಂಭ ಕಾಯುತ್ತ ಒಂಟಿತನದಲ್ಲಿ ಕಂಗೆಟ್ಟವನ ಹಾಡು ಅದು. ಅವನು ಹೇಳಿದ್ದು ಸರಿ. ಬದಲಿಗೆ ಕಿಂಗ್ ಕ್ರಿಮ್ಸನ್‌ನ 'ಮೂನ್‌ಚೈಲ್ಡ್' ಹಾಕಿದ.

ಅದನ್ನು ಹಾಕುವುದು ಎಷ್ಟು ತಲೆನೋವಿನ ಕೆಲಸ ಅಂತ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಇಂಟರ್ನೆಟ್ ರೇಡಿಯೊದಲ್ಲಿ ನಿಶ್ಶಬ್ದವೆಂದರೆ ಏನೋ ಕೆಟ್ಟಿದೆ ಅಂತ ಲೆಕ್ಕ. ಸದ್ದು ಒಂದು ಮಟ್ಟಕ್ಕಿಂತ ಕೆಳಗಿಳಿದು ಕೆಲವು ಸೆಕೆಂಡು ಹಾಗೇ ಇದ್ದರೆ, ಕಾವಲಿಗಿಟ್ಟ ಸಾಫ್ಟ್‌ವೇರ್ ಗಾಬರಿಬಿದ್ದು ಬದಲಿ ಪಟ್ಟಿಯ ಹಾಡಿಗೆ ಹಾರುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ 1969ರ ಆ ಮೊದಲ ಆಲ್ಬಮ್‌ನ 'ಮೂನ್‌ಚೈಲ್ಡ್'ನಲ್ಲಿ ಹಾಡು ಅನ್ನಬಹುದಾದ ಭಾಗ ಎರಡೂವರೆ ನಿಮಿಷದಷ್ಟು. ಆಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಗಿಟಾರ್, ವೈಬ್ರಫೋನ್, ಡ್ರಮ್ಸ್ ಮೂರೇ. ಒಬ್ಬರು ಒಂದು ಸ್ವರ ಬಿಡುತ್ತಾರೆ, ಇನ್ನೊಬ್ಬರು ಯೋಚಿಸುತ್ತಾರೆ. ಕೆಲವೆಡೆ ಕಿವಿಗೊಟ್ಟರೂ ಕೇಳಿಸುವುದಿಲ್ಲ. 2009ರ ಹೊಸ ಮಿಕ್ಸ್‌ನಲ್ಲಿ ಇದನ್ನು ಕತ್ತರಿಸಿ ಒಟ್ಟು ಒಂಬತ್ತು ನಿಮಿಷಕ್ಕೆ ಇಳಿಸಿದರು. ಹಾಗೆ ಮಾಡಿದ್ದೇ ಒಳ್ಳೆಯದಾಯಿತು ಅನ್ನುವವರು ನಮ್ಮಲ್ಲೇ ಇದ್ದಾರೆ, ಅವರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ.

ಅವನು ಹಾಕಿದ್ದು ಹಳೆಯದು, ಪೂರ್ತಿ. ಅದಕ್ಕಾಗಿ ಕಾವಲು ಸಾಫ್ಟ್‌ವೇರ್ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಸ್ಟ್ರೀಮ್ ಕಡಿದುಹೋದರೂ ಯಂತ್ರಕ್ಕೆ ತಿಳಿಯುವುದಿಲ್ಲ. ಈ ಮೌನ ಹಾಡಿನದೋ, ಕೆಟ್ಟುನಿಂತ ಸರ್ವರಿನದೋ ಅಂತ ಒಬ್ಬ ಮನುಷ್ಯ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾ ಕೂರಬೇಕು. ಕೂತ. ಕೇಳುಗರ ಸಂಖ್ಯೆ ತೋರಿಸುವ ಜಾಗದಲ್ಲಿ 2 ಅಂತಿತ್ತು. ಒಂದು ನಾನು. ಇನ್ನೊಂದು, ಸ್ಟ್ರೀಮ್ ಸರಿಯಾಗಿ ಹೊರಗೆ ಹೋಗುತ್ತಿದೆಯಾ ಅಂತ ಪರೀಕ್ಷಿಸುತ್ತಿದ್ದ ಅವನೇ.

ಆ ಒಂಬತ್ತು ನಿಮಿಷ ಅತ್ತೆ. ಅಳುವಾಗಲೂ ಸದ್ದು ಮಾಡುವ ಹಾಗಿರಲಿಲ್ಲ. ಸದ್ದಿಲ್ಲದೆ ಅಳುವುದು ಎಷ್ಟು ಕಷ್ಟ ಅಂತ ಆವತ್ತೇ ಗೊತ್ತಾದದ್ದು; ಎದೆಯೊಳಗಿನದು ಗಂಟಲವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಧ್ವನಿ ಬರದಿದ್ದರೆ ನಾನು ಯಾವ ಮುಖ ಹೊತ್ತು ಅಲ್ಲಿ ಕೂರಲಿ, ನನಗೆ ಬೇರೇನು ಬರುತ್ತದೆ ಅಂತೆಲ್ಲ ಅವನಿಗೆ ಬರೆದೆ. ಬರೆದದ್ದರಲ್ಲಿ ಅರ್ಧ ಈಗ ಓದಲು ನಾಚಿಕೆಯಾಗುತ್ತದೆ. ಅವನು ಸಮಾಧಾನ ಹೇಳಲಿಲ್ಲ. ಮುಂದಿನ ಹಾಡಿನ ಹೆಸರು, ಬ್ಯಾಂಡು, ವರ್ಷ, ಎಷ್ಟು ನಿಮಿಷ, ಇಷ್ಟನ್ನೇ ಬರೆಯುತ್ತಾ ಹೋದ.

ಸ್ಟ್ರೀಮ್‌ನಲ್ಲಿ ಅವನು ಹಾಕಿದ್ದು ನನಗೆ ಕೇಳಿಸುವುದು ಹತ್ತಿಪ್ಪತ್ತು ಸೆಕೆಂಡು ತಡವಾಗಿ. ಹಾಗಾಗಿ ಅವನ ಸಾಲು ಹಾಡಿಗಿಂತ ಮುಂಚೆಯೇ ನನ್ನನ್ನು ಮುಟ್ಟುತ್ತಿತ್ತು. ಮುಂದೆ ಬರುವುದೇನು, ಅದು ಎಷ್ಟು ಹೊತ್ತಿರುತ್ತದೆ ಅಂತ ಯಾರಾದರೂ ಸ್ವಲ್ಪ ಮೊದಲೇ ಹೇಳಿಬಿಟ್ಟರೆ ಸಾಕಿತ್ತು ನನಗೆ. ಡಾಕ್ಟರಿಗೂ ಹೇಳಲಾಗದ್ದನ್ನು ಇವನು ಹಾಡಿನ ಮಟ್ಟಿಗಾದರೂ ಹೇಳುತ್ತಿದ್ದ. ಬೆಳಕು ಹರಿಯುವ ಹೊತ್ತಿಗೆ ಪಿಂಕ್ ಫ್ಲಾಯ್ಡ್‌ನ 'ಎಕೋಸ್' ಬಂತು, 1971, ಇಪ್ಪತ್ತಮೂರೂವರೆ ನಿಮಿಷ. ಅದು ಮುಗಿಯುವುದರೊಳಗೆ ನನಗೆ ನಿದ್ದೆ ಹತ್ತಿತ್ತು. ಅವನು ಅದು ಮುಗಿಯುವವರೆಗೂ ಕೂತಿದ್ದು, ಕಾವಲು ಸಾಫ್ಟ್‌ವೇರ್ ಮತ್ತೆ ಚಾಲೂ ಮಾಡಿ, ಕೆಲಸಕ್ಕೆ ಹೋದನಂತೆ.

ಮಾತಾಡಲು ಅಪ್ಪಣೆ ಸಿಕ್ಕಮೇಲೂ ಕಾಟ ಇವನದೇ. ಒಂದೇ ಉಸಿರಿಗೆ ಉದ್ದುದ್ದ ಎಳೆಯಬಾರದು, ನಿಲ್ಲಿಸಿ ನಿಲ್ಲಿಸಿ ಮಾತಾಡಬೇಕು ಅಂತ ಚಿಕಿತ್ಸೆಯವರು ಹೇಳಿದ್ದನ್ನು ಅವನು ನಮ್ಮ ಭಾಷೆಗೆ ತಂದ: "ಮೆಲ್ಲೋಟ್ರಾನ್ ಥರ ಮಾತಾಡು." ಕೀಲಿಮಣೆಯಿರುವ ಆ ವಾದ್ಯದ ಒಂದೊಂದು ಕೀಲಿಯ ಕೆಳಗೂ ಒಂದೊಂದು ತುಂಡು ಟೇಪು, ಎಂಟು ಸೆಕೆಂಡಿನಷ್ಟು. ಟೇಪು ಮುಗಿದರೆ ಸ್ವರವೂ ಮುಗಿಯಿತು. ಬೆರಳೆತ್ತಿದರೆ ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತದೆ, ಆಮೇಲೆ ಮತ್ತೆ ಒತ್ತಬಹುದು. ಎಪ್ಪತ್ತರ ದಶಕದ ಅಷ್ಟೊಂದು ಆಲ್ಬಮ್‌ಗಳ ವಯಲಿನ್, ಕೊಳಲು, ಗಾಯಕವೃಂದದ ಸದ್ದು ಈ ಎಂಟು ಸೆಕೆಂಡಿನೊಳಗೇ ನಡೆದುಹೋದದ್ದು. ಹೋದ ವಾರ ನಾನು ಚಿಕ್ಕ ಚಿಕ್ಕ ವಾಕ್ಯದಲ್ಲಿ ಮಾತಾಡಿದೆ, ಗಂಭೀರವಾಗಿತ್ತು ಅಂತ ಕೆಲವರು ಮೆಚ್ಚಿ ಬರೆದಿದ್ದೀರಿ. ಗಾಂಭೀರ್ಯವೂ ಇಲ್ಲ ಏನೂ ಇಲ್ಲ. ವಾಕ್ಯ ಉದ್ದವಾದಾಗಲೆಲ್ಲ ಅವನು "ಬೆರಳೆತ್ತು" ಅಂತ ಪರದೆಯ ಮೇಲೆ ಬರೆಯುತ್ತಿದ್ದ.

ಧ್ವನಿ ಮೊದಲಿನ ಹಾಗಿಲ್ಲ, ನಿಮಗೂ ಗೊತ್ತಾಗಿರುತ್ತದೆ. ಸ್ವಲ್ಪ ದಪ್ಪ, ಅಂಚಿನಲ್ಲಿ ಒರಟು. ಇನ್ನೂ ಅಭ್ಯಾಸವಾಗಬೇಕು, ನನಗೂ.

ಮುಂದಿನ ವಾರದಿಂದ ಕಾರ್ಯಕ್ರಮ ಎಂದಿನ ಹೊತ್ತಿಗೆ. ಮೊದಲರ್ಧ ಪೂರ್ತಿ ಇಟಲಿ, 1972. ಆ ಒಂದೇ ವರ್ಷ ಅಲ್ಲಿನ ಪಿಎಫ್‌ಎಂ ಬ್ಯಾಂಡಿನವರು ಎರಡು ಆಲ್ಬಮ್ ತಂದರು, ಬಾಂಕೊ ಬ್ಯಾಂಡಿನವರೂ ಎರಡು. ಯಾವುದನ್ನು ಬಿಡುವುದು ಅಂತ ಇನ್ನೂ ತೀರ್ಮಾನಿಸಿಲ್ಲ. ಉಳಿದರ್ಧ ನಿಮ್ಮ ಬೇಡಿಕೆಗಳು. ಲೈಟ್‌ಹೌಸ್ ಹಾಡು ಬೇಕೆಂದು ಬರೆದವರು ಬಹಳ ಮಂದಿ ಇದ್ದೀರಿ. ಅದು ನನ್ನ ಕೈಯಲ್ಲಿಲ್ಲ, ಅವನನ್ನೇ ಕೇಳಿ.